ಹೆಣ್ಣು: ಗಂಡಿನಂತೆಯೇ

ಫೆಬ್ರವರಿ ೬

ಪ್ರೀತಿಯ ಅಮ್ಮ,

ಸುದ್ದಿ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ನೇರ ಕೊನೆಯ ಪುಟಕ್ಕೆ ಹಾರುತ್ತೀಯ. ಮೋಟುಕೋಟಿನ ಜೀರುಂಡೆಗಳ ಇಡೀ ಗುಂಪನ್ನು ಹೊಸದಾಗಿ ವಿಂಗಡಿಸಿ ಬರೆಯುವ ಕೆಲಸ ನನಗೆ ಸಿಕ್ಕಿದೆ. ನಿನ್ನೆ ಬೆಳಿಗ್ಗೆ ನಮ್ಮ ವಿಭಾಗದ ಮುಖ್ಯಸ್ಥರು ಮೇಜಿನ ಬಳಿ ಬಂದು, ಕನ್ನಡಕವನ್ನು ಹಣೆಗೇರಿಸಿಕೊಂಡು, "ನೋಡಮ್ಮ, ಈ ಗುಂಪು ಅಂದ್ರೆ ಎಲ್ರೂ ಕೈ ಮುಗಿದು ದೂರ ಹೋಗ್ತಾರೆ. ನಿನಗೆ ಇದು ರಕ್ತದಲ್ಲೇ ಬಂದಿದೆ. ನೀನೇ ಮಾಡು" ಅಂದರು. ರಕ್ತದ ವಿಷಯ ನನಗೆ ಗೊತ್ತಿಲ್ಲ, ಮೂಗಿಗಂತೂ ಬಂದಿದೆ. ಚಿಕ್ಕವಳಿದ್ದಾಗ ನಿನ್ನ ಬಟ್ಟೆಯಿಂದ ಬರುತ್ತಿದ್ದ ನುಸಿಗುಳಿಗೆಯ ವಾಸನೆ ಈಗ ನನ್ನ ಬಟ್ಟೆಯಿಂದ ಬರುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ.

ನಿನ್ನೆಯೇ ಸಂಗ್ರಹಾಲಯದ ನೆಲಮಾಳಿಗೆಗೆ ಇಳಿದೆ. ಮೊಣಕಾಲಿನಿಂದ ಒತ್ತಿ ಮೇಲೆತ್ತಿದರೆ ಮಾತ್ರ ಬಾಗಿಲು ತೆರೆಯುವ ನಿನ್ನ ಕಾಲದ ಆ ಬೀರು ಇನ್ನೂ ಹಾಗೇ ಇದೆ. ಬೀಗದ ಕೈ ತಂದುಕೊಟ್ಟ ಕಾವಲುಗಾರ ಗಾಜಿನೊಳಗೆ ಇಣುಕಿ, "ಇವಕ್ಕೆ ರೆಕ್ಕೆ ಕತ್ತರಿಸಿದ್ಯಾರು?" ಅಂತ ಕೇಳಿದ. ನೀನು ನನಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ. ಬೇರೆ ಜೀರುಂಡೆಗಳು ಬೆನ್ನಿನ ಮೇಲೆ ಉದ್ದ ಕೋಟು ತೊಟ್ಟರೆ ಇವು ಸೊಂಟಕ್ಕಿಂತ ಮೇಲೇ ನಿಲ್ಲುವ ಮೋಟು ಕೋಟು ತೊಡುತ್ತವೆ, ಹೊಟ್ಟೆಯೆಲ್ಲ ಹೊರಗೆ, ಹಾರುವ ರೆಕ್ಕೆ ಮಾತ್ರ ಆ ಗಿಡ್ಡ ಕೋಟಿನೊಳಗೆ ಮಡಚಿಕೊಂಡು ಭದ್ರವಾಗಿ ಕೂತಿರುತ್ತದೆ. ಅವನು ತಲೆದೂಗಿ, "ಬಡವರ ಮನೆ ಮಕ್ಕಳ ಹಾಗೆ" ಅಂದ.

ಕೊನೆಯ ಡ್ರಾಯರಿನಲ್ಲಿ ನಿನ್ನ ಹುಳಗಳಿವೆ. ಒಂದೇ ರಟ್ಟಿನ ಮೇಲೆ ಗಂಡು, ಹೆಣ್ಣು, ಸ್ಟುಡಿಯೋದಲ್ಲಿ ಫೋಟೋ ತೆಗೆಸಲು ನಿಂತ ಗಂಡಹೆಂಡಿರ ಹಾಗೆ. ಕೆಳಗೆ ಸೂಜಿಗೆ ಚುಚ್ಚಿದ ಚೀಟಿಗಳಲ್ಲಿ ನಿನ್ನ ದುಂಡು ಅಕ್ಷರ. ಇಡೀ ಬೀರುವಿನಲ್ಲಿ ಒಬ್ಬ ಹೆಂಗಸು ಹೆಸರಿಟ್ಟ ಪ್ರಭೇದ ಇದೊಂದೇ. ಕಾವಲುಗಾರನಿಗೆ "ಇದು ನಮ್ಮಮ್ಮಂದು" ಅಂತ ಹೇಳುವಾಗ ಧ್ವನಿ ಸ್ವಲ್ಪ ಜೋರಾಯಿತು, ಇರಲಿ.

ಈಗ ಕೇಳಬೇಕಾದದ್ದು. ಹೊರಗಿನಿಂದ ಇವೆಲ್ಲ ಒಂದೇ ಅಚ್ಚಿನವು. ಗಂಡಿನ ಜನನಾಂಗವನ್ನು ಬಿಡಿಸಿ ನೋಡಿದರೆ ಮಾತ್ರ ಯಾವುದು ಯಾವುದೆಂದು ಖಚಿತವಾಗುತ್ತದೆ. ನಿನ್ನ ಗಂಡುಹುಳವನ್ನು ರಟ್ಟಿನಿಂದ ಎಬ್ಬಿಸಿ ಹೊಟ್ಟೆ ಬಿಚ್ಚಲೇ? ನಿಯಮದ ಪ್ರಕಾರ ನಿನ್ನ ಅನುಮತಿ ಬೇಕಿಲ್ಲ. ನನಗೆ ಬೇಕು.

ಫೋನು ಮಾಡುವುದಿಲ್ಲ. ಹುಳದ ಮಾತು ಬರವಣಿಗೆಯಲ್ಲೇ ಆಗಬೇಕು, ಬರೆಯದಿದ್ದದ್ದು ನಡೆದೇ ಇಲ್ಲ ಅಂತ ನೀನೇ ಹೇಳಿಕೊಟ್ಟಿದ್ದೀಯ.

ಅಪ್ಪನ ಮಂಡಿನೋವು ಹೇಗಿದೆ?

ನಿನ್ನ ಪುಟ್ಟಿ


ಫೆಬ್ರವರಿ ೧೭

ಪುಟ್ಟೀ,

ಕಾಗದ ಬಂತು. ನಿಮ್ಮಪ್ಪನ ಕೈಲಿ ಎರಡು ಸಲ ಗಟ್ಟಿಯಾಗಿ ಓದಿಸಿದೆ. ಇಂಥ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಕೇಳುವುದೇ ಚೆನ್ನ. ಮೂರನೇ ಸಲ ಓದಲು ಹೇಳಿದಾಗ "ಕಾಸು ಕೊಡ್ತೀಯಾ?" ಅಂದರು. ಕೆಳಗಿನ ಮನೆಯ ನರ್ಸಮ್ಮನಿಗೂ ಹೇಳಿದೆ. ಆಕೆ "ಹುಳದ ಕೆಲಸವಾ?" ಅಂತ ಮೂಗು ಮುರಿದಳು. ಹೌದಮ್ಮ, ಹುಳದ ಕೆಲಸವೇ. ಅದನ್ನು ಮಾಡಬಲ್ಲವರು ಪ್ರಪಂಚದಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ಗೊತ್ತೇನು ನಿನಗೆ ಅಂದೆ. ಗೊತ್ತಿರಲಿಲ್ಲ. ಹೇಳಿದೆ. ಅವಳ ಕಾಫಿ ಆರಿಹೋಯಿತು.

ಹೊಟ್ಟೆ ಬಿಚ್ಚು. ಕೇಳಿದ್ದು ಒಳ್ಳೆಯದಾಯಿತು, ಕೇಳದೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ. ನಮ್ಮ ಕಾಲದಲ್ಲಿ ಅಲ್ಲಿ ಆ ರೂಢಿ ಇನ್ನೂ ಬಂದಿರಲಿಲ್ಲ. ಹೊಟ್ಟೆಯ ತುದಿಯ ಅಂಚಿನಲ್ಲಿ ಸಣ್ಣ ಕಚ್ಚು ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು, ಅಷ್ಟರಲ್ಲೇ ಮುಗಿಸುತ್ತಿದ್ದೆವು. ಬಿಸಿನೀರಿಗೆ ಒಂದು ತೊಟ್ಟು ಸಾಬೂನು ಹಾಕಿ ಅಂಟು ಬಿಡಿಸು. ಅವಸರ ಮಾಡಬೇಡ, ಅದು ತಾನಾಗಿ ಏಳುತ್ತದೆ. ಸೂಜಿ ಹಿಡಿದಾಗ ಉಸಿರು ಬಿಗಿಹಿಡಿಯಬೇಡ, ಕೈ ನಡುಗುತ್ತದೆ; ನಿಧಾನ ಉಸಿರಾಡುತ್ತಾ ಇರು. ಇನ್ನೊಂದು ಮಾತು. ಹಳೆಯ ಚೀಟಿ ಯಾವುದನ್ನೂ ಕಿತ್ತು ಬಿಸಾಡಬೇಡ. ಸರಿಯಿರಲಿ ತಪ್ಪಿರಲಿ, ಸೂಜಿಗೆ ಏರಿದ ಚೀಟಿ ಸೂಜಿಯಲ್ಲೇ ಇರಬೇಕು. ಹೊಸದನ್ನು ಹಳೆಯದರ ಕೆಳಗೆ ಚುಚ್ಚಬೇಕು.

ಆ ಜೋಡಿಯ ಕಥೆ ನಿನಗೆ ಹೇಳಿದ್ದೇನೋ ಇಲ್ಲವೋ. ನಮ್ಮ ಮದುವೆಗೆ ಇನ್ನೂ ಎರಡು ತಿಂಗಳಿತ್ತು. ನಿಮ್ಮಪ್ಪ ಆಗಷ್ಟೇ ಬೂಟಿನ ಅಂಗಡಿಗೆ ಸೇರಿದ್ದರು. ಭಾನುವಾರ ನದಿಯ ದಂಡೆಗೆ ಹೋಗೋಣ ಅಂದೆ. ಪಾಪ, ಏನೇನೋ ಅಂದುಕೊಂಡು ಬಂದಿರಬೇಕು. ನಾನು ಅವರ ಕೈಗೊಂದು ಸೀಸೆ ಕೊಟ್ಟೆ. ನಾನೊಂದು ಹಿಡಿದೆ, ಅವರೊಂದು ಹಿಡಿದರು. ಮನೆಗೆ ಬಂದು ನೋಡಿದರೆ ನನ್ನದು ಗಂಡು, ಅವರದು ಹೆಣ್ಣು. ಒಂದೇ ರಟ್ಟಿಗೆ ಅಂಟಿಸಿಬಿಟ್ಟೆ. ಆಗಿನ ಮುಖ್ಯಸ್ಥರು "ಬೇರೆ ಬೇರೆ ಹಾಕ್ಬೇಕಿತ್ತಮ್ಮ" ಅಂತ ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಂಡಿ ನೋವು ಅವರದು, ನರಳಾಟ ಮಾತ್ರ ಇಡೀ ಮನೆಗೆ ಕೇಳಿಸುತ್ತದೆ.

ಜಂಬದಿಂದ,
ಅಮ್ಮ


ಮಾರ್ಚ್ ೧೪

ಅಮ್ಮ,

ಈ ಕಾಗದವನ್ನು ಮೂರು ಸಲ ಹರಿದು ಬರೆದಿದ್ದೇನೆ. ಸುತ್ತಿಬಳಸದೆ ಹೇಳುತ್ತೇನೆ.

ನಿನ್ನ ಗಂಡುಹುಳವನ್ನು ಬಿಡಿಸಿದೆ. ಕೈ ನಡುಗಲಿಲ್ಲ. ಅಂಗದ ತುದಿ ಗಿಳಿಯ ಕೊಕ್ಕಿನಂತೆ ಕೆಳಕ್ಕೆ ಬಾಗಿದೆ. ಅಷ್ಟರಲ್ಲಿ ಹೊರದೇಶದ ವಸ್ತುಸಂಗ್ರಹಾಲಯದಿಂದ ನಮ್ಮ ಗಡ್ಡದಜ್ಜನ ಹುಳದ ಚಿತ್ರಗಳು ಬಂದವು. ನಮ್ಮ ಸಂಗ್ರಹಾಲಯದ ಮೆಟ್ಟಿಲ ಮೇಲಿನ ಪಟದಲ್ಲಿ ಗಡ್ಡ ಬಿಟ್ಟುಕೊಂಡು ಎಲ್ಲರನ್ನೂ ದುರುಗುಟ್ಟಿ ನೋಡುವ ಅದೇ ಅಜ್ಜ. ನೂರು ವರ್ಷಕ್ಕೂ ಹಿಂದೆ ಆತ ಒಂದೂವರೆ ಸಾಲು ಬರೆದು, ಕಡಲೆಕಾಯಿಯಂಥ ಚಿತ್ರ ಹಾಕಿ ಹೆಸರಿಟ್ಟುಹೋದನಲ್ಲ, ಆ ಹುಳ. ನಿನ್ನ ಕಾಲದಲ್ಲಿ ಎಷ್ಟು ಕೇಳಿದರೂ ಅವರು ಕಳಿಸಿರಲಿಲ್ಲ. ಈಗ ಅವರೇ ಬಿಡಿಸಿ, ಚಿತ್ರ ತೆಗೆದು ಕಳಿಸಿದ್ದಾರೆ. ಅದರಲ್ಲೂ ಅದೇ ಗಿಳಿಕೊಕ್ಕು. ಕೂದಲು, ಚುಕ್ಕೆ, ಕುಡಿಮೀಸೆಯ ಗಂಟು, ಎಲ್ಲ ಒಂದೇ. ನಿನ್ನ ಗಂಡು ಅಜ್ಜನ ಹುಳವೇ ಅಮ್ಮ.

ಹೆಣ್ಣು ಮಾತ್ರ ಅಲ್ಲ. ಅದರ ಕೋಟು ಕತ್ತಿನ ಹಲಗೆಗಿಂತ ಗಿಡ್ಡ. ಮೈ ಚಪ್ಪಟೆ. ಕುಡಿಮೀಸೆಯ ತುದಿಯ ಗಂಟುಗಳು ಉದ್ದಕ್ಕಿಂತ ಅಗಲ. ನಮ್ಮ ಬೀರುವಿನಲ್ಲಿರುವ ಅಜ್ಜನ ಹುಳದ ಹೆಣ್ಣುಗಳನ್ನು ಪಕ್ಕದಲ್ಲಿಟ್ಟು ನೋಡಿದೆ, ಒಂದಕ್ಕೂ ಹಾಗಿಲ್ಲ. ಇದು ಇನ್ನೂ ಯಾರೂ ಹೆಸರಿಡದ ಪ್ರಭೇದ ಅಂತ ನನಗನಿಸುತ್ತದೆ. ಅಂದರೆ ನಿನ್ನ ರಟ್ಟಿನ ಮೇಲೆ ಇರುವುದು ಜೋಡಿಯಲ್ಲ.

ಮುಂದಿನದು ನಿನಗೇ ಗೊತ್ತು, ಆದರೂ ಬರೆಯುತ್ತೇನೆ. ಒಂದು ಹೆಸರು ಒಂದೇ ಹುಳದ ಮೇಲೆ ನಿಲ್ಲಬೇಕು. ನೀನಿಟ್ಟ ಹೆಸರು ಗಂಡಿನದೋ ಹೆಣ್ಣಿನದೋ ಅಂತ ಈಗ ವಿಂಗಡಿಸುವವಳು ಆರಿಸಬೇಕು. ಗಂಡನ್ನು ಆರಿಸಿದರೆ, ಮೊದಲು ಇಟ್ಟವನ ಹೆಸರೇ ಉಳಿಯುವುದರಿಂದ ನಿನ್ನದು ಅಳಿದುಹೋಗುತ್ತದೆ. ವಿಂಗಡಿಸುವವಳು ನಾನು.

ಏನಾದರೂ ಬರೆ. ಬೈದಾದರೂ ಬರೆ.

ಪುಟ್ಟಿ


ಏಪ್ರಿಲ್ ೫

ಮಗಳೇ,

ನಾನು ಅಪ್ಪ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ನನ್ನ ಜೀವಮಾನದಲ್ಲಿ ಬರೆದದ್ದೆಲ್ಲ ಬೂಟಿನ ನಂಬರು. ನಿಮ್ಮಮ್ಮ ಬರೆಯುತ್ತಿಲ್ಲ, ಅದಕ್ಕೆ ನಾನು.

ನಿನ್ನ ಕಾಗದವನ್ನು ನಾನೇ ಓದಿ ಹೇಳಿದೆ. ಓದುತ್ತಾ ಅರ್ಧ ಅರ್ಥವಾಯಿತು, ಅವಳ ಮುಖ ನೋಡಿ ಉಳಿದರ್ಧ ಅರ್ಥವಾಯಿತು. ಟ್ರಂಕಿನಿಂದ ಹಳೆಯ ಮೈಕ್ರೋಸ್ಕೋಪ್ ತೆಗೆಸಿ ಕಿಟಕಿಯ ಹತ್ತಿರ ಇಡಿಸಿಕೊಂಡಳು. ತನ್ನ ಹತ್ತಿರ ಉಳಿದಿದ್ದ ಹುಳದ ಡಬ್ಬಿ ತೆಗೆದಳು. ಬೆಳಿಗ್ಗೆ ತಿಂಡಿ ಆದಮೇಲೆ ಕೂರುತ್ತಾಳೆ, ಊಟಕ್ಕೆ ಕರೆದರೆ "ಬಂದೆ" ಅನ್ನುತ್ತಾಳೆ, ಬರುವುದಿಲ್ಲ. ಆ ತಿರುಗಣೆಯನ್ನು ತಿರುಗಿಸುತ್ತಾಳೆ, ತಿರುಗಿಸುತ್ತಾಳೆ. ನಾನು ಪಕ್ಕದಲ್ಲಿ ಪೇಪರ್ ಹಿಡಿದುಕೊಂಡು ಕೂರುತ್ತೇನೆ. ಅವಳಿಗೆ ಏನು ಕಾಣುತ್ತದೆ ಅಂತ ನಾನು ಕೇಳುವುದಿಲ್ಲ. ಹೇಳಬೇಕಾದದ್ದನ್ನು ಅವಳೇ ನಿನಗೆ ಹೇಳಲಿ.

ಮೊನ್ನೆ ಅವಳನ್ನು ನಗಿಸೋಣ ಅಂತ ನದಿಯ ದಿನದ ಕಥೆ ತೆಗೆದೆ. ಅವಳು ಗುಲಾಬಿ ಬಣ್ಣದ ಬಕೆಟ್ಟು ಹಿಡಿದು ಮೊಣಕಾಲು ಮುಳುಗುವವರೆಗೆ ನೀರಿಗಿಳಿದು, ಜಲ್ಲಿಕಲ್ಲುಗಳನ್ನು ತೊಳೆದು ತೊಳೆದು ಹುಳ ಹುಡುಕುತ್ತಿದ್ದಳು. "ನೀವೂ ಇಳೀರಿ" ಅಂದಳು. ನಾನು ಹೇಗೆ ಇಳಿಯಲಿ? ಅಂಗಡಿಯ ಮಾಲೀಕರು ಆ ವಾರವಷ್ಟೇ ಕೊಟ್ಟ ಹೊಸ ಬೂಟು, ಕಂದು ಬಣ್ಣದ್ದು, ಮುಖ ನೋಡಿಕೊಳ್ಳುವಷ್ಟು ಹೊಳಪು. ಅವಳಿಗೆ ತೋರಿಸಬೇಕು ಅಂತಲೇ ಹಾಕಿಕೊಂಡು ಹೋಗಿದ್ದೆ, ಅವಳು ನೋಡಿರಲಿಲ್ಲ. ಅದಕ್ಕೆ ದಂಡೆಯ ಮೇಲೆ ಬಿದ್ದಿದ್ದ ಒಂದು ಒಣಮರದ ಮೇಲೆ ಕೂತು, ಸುಮ್ಮನೆ ಬೆರಳಿನಿಂದ ತೊಗಟೆ ಎಬ್ಬಿಸುತ್ತಿದ್ದೆ. ಅದರಡಿಯಿಂದ ಓಡಿಬಂತು ನನ್ನ ಹುಳ. ಬಾಲ ಎತ್ತಿ ಹೆದರಿಸಿತು ಬೇರೆ.

ಇಷ್ಟು ಹೇಳಿದೆ. ನಗಲಿಲ್ಲ. ನನ್ನ ಕಡೆ ತಿರುಗಿ, "ತೊಗಟೆಯಾ?" ಅಂದಳು. ಆಮೇಲೆ ಎದ್ದುಹೋಗಿ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ನಾನೇನು ತಪ್ಪು ಮಾತಾಡಿದೆನೋ ತಿಳಿಯಲಿಲ್ಲ.

ನೀನು ನಿನ್ನ ಕೆಲಸ ಬಿಡಬೇಡ. ಅವಳು ಮುನಿದಿರುವುದು ನಿನ್ನ ಮೇಲಲ್ಲ.

ಅಪ್ಪ


ಏಪ್ರಿಲ್ ೧೨

ಪ್ರೀತಿಯ ಅಮ್ಮ,

ಅಪ್ಪನ ಕಾಗದ ಓದಿ ಕುರ್ಚಿಯಿಂದ ಎದ್ದುನಿಂತೆ. ನೀನು ಯಾಕೆ ಗೋಡೆಗೆ ಮುಖ ಮಾಡಿ ಮಲಗಿದೆ ಅಂತ ಅಪ್ಪನಿಗೆ ತಿಳಿಯದಿದ್ದರೂ ನನಗೆ ತಿಳಿಯಿತು. ನಿನ್ನ ಚೀಟಿಯಲ್ಲಿ ಹುಳ ಸಿಕ್ಕ ಜಾಗ ಅಂತ ಇರುವುದು "ನದಿದಂಡೆ" ಅಷ್ಟೇ. ಒಂದು ನೀರಿನ ಜಲ್ಲಿಯಲ್ಲಿ, ಇನ್ನೊಂದು ತೊಗಟೆಯ ಅಡಿ. ಎರಡೂ ನಾಲ್ಕು ಹೆಜ್ಜೆ ದೂರದಲ್ಲಿ ತಮ್ಮ ತಮ್ಮ ಪಾಡಿಗೆ ಸಂಸಾರ ಮಾಡಿಕೊಂಡಿದ್ದವು. ಚಪ್ಪಟೆ ಮೈ ಯಾಕೆಂದು ಈಗ ಗೊತ್ತಾಯಿತು. ತೊಗಟೆಯ ಸಂದಿಯಲ್ಲಿ ನುಸುಳಬೇಕಲ್ಲ.

ಆ ದಂಡೆಗೆ ಹೋಗುತ್ತೇನೆ. ಅದರ ಗಂಡು ಸಿಗುವವರೆಗೆ ಬಿಡುವುದಿಲ್ಲ.

ಆದರೆ ಇವತ್ತು ಬರೆಯುತ್ತಿರುವುದು ಅದಕ್ಕಲ್ಲ. ಮುಖ್ಯಸ್ಥರನ್ನು ಕೇಳಿದೆ. "ರಟ್ಟಿನ ಮೇಲೆ ಎರಡಿವೆ. ನಿಯಮದ ಪ್ರಕಾರ ಯಾವುದನ್ನು ಬೇಕಾದ್ರೂ ಆರಿಸ್ಬಹುದು. ಹೆಣ್ಣನ್ನ ಆರಿಸು. ಅಮ್ಮನ ಹೆಸರು ಉಳಿಯುತ್ತೆ, ಯಾರೂ ಬೆರಳು ತೋರಿಸೋ ಹಾಗಿಲ್ಲ" ಅಂದರು. ನಿಜವೇ ಅಮ್ಮ. ನಾನು ಹೆಣ್ಣನ್ನು ಆರಿಸಿದರೆ ಅಜ್ಜ ತನ್ನ ಗಿಳಿಕೊಕ್ಕನ್ನು ಇಟ್ಟುಕೊಳ್ಳುತ್ತಾನೆ, ತೊಗಟೆಯ ಹುಳ ನಿನ್ನದಾಗಿಯೇ ಉಳಿಯುತ್ತದೆ, ಡ್ರಾಯರಿನ ಮೇಲೆ ನಿನ್ನ ಹೆಸರು ಹಾಗೇ ಇರುತ್ತದೆ. ಒಂದು ಸಾಲು ಬರೆದರೆ ಮುಗಿಯಿತು. ಬರೆದೂ ಆಗಿದೆ. ಕಳಿಸುವ ಮುಂಚೆ ನಿನಗೆ ಹೇಳಬೇಕು ಅನಿಸಿತು.

ನಾನು ಓದಿದ ಮೊದಲ ಲೇಖನ ನಿನ್ನದು. ಶಾಲೆಯಲ್ಲಿ "ನಮ್ಮಮ್ಮ ಒಂದು ಹುಳಕ್ಕೆ ಹೆಸರಿಟ್ಟಿದ್ದಾಳೆ" ಅಂತ ಎಲ್ಲರ ಮುಂದೆ ಎದೆಯುಬ್ಬಿಸಿ ಓಡಾಡಿದವಳು ನಾನು. ಆ ಹೆಸರನ್ನು ನನ್ನ ಕೈಯಾರೆ ಅಳಿಸಲಾರೆ.

ಹೂಂ ಅನ್ನು, ಸಾಕು.

ಪುಟ್ಟಿ


ಮೇ ೨೩

ಪುಟ್ಟಿಗೆ,

ಹೂಂ ಅನ್ನುವುದಿಲ್ಲ.

ಅಕ್ಷರ ಇಷ್ಟು ದೊಡ್ಡದಾಗಿದೆಯಲ್ಲ ಅಂತ ನೋಡುತ್ತಿರಬೇಕು. ಸಾಲೂ ಸೊಟ್ಟಗಿರಬಹುದು. ಹೋದ ಕಾಗದವನ್ನು ಭೂತಗನ್ನಡಿ ಹಿಡಿದು ದಿನಗಟ್ಟಲೆ ಬರೆದಿದ್ದೆ, ಈ ಸಲ ಆ ನಾಟಕ ಬೇಡ. ಕಣ್ಣಿನ ನಡುಭಾಗದಲ್ಲಿ ಒಂದು ಬೂದು ಚುಕ್ಕೆ ಕೂತಿದೆ, ವರ್ಷವಾಯಿತು. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ವೈದ್ಯರು ಇದು ಇನ್ನು ಹೀಗೆಯೇ ಅಂದಿದ್ದಾರೆ. ನಿನಗೆ ಹೇಳಿರಲಿಲ್ಲ. ಹೇಳಿದರೆ ನೀನು ಕೆಲಸ ಬಿಟ್ಟು ಓಡಿಬರುತ್ತೀಯ, ಬಂದು ಮಾಡುವುದೇನು? ಈಗಲೂ ಬರಬೇಡ. ನದಿಗೆ ಹೋಗು.

ಮೈಕ್ರೋಸ್ಕೋಪಿನ ಮುಂದೆ ವಾರಗಟ್ಟಲೆ ಕೂತೆ. ನೀನು ತಪ್ಪು ಅಂತ ತೋರಿಸಬೇಕು ಅಂತಲೇ ಕೂತೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಎಲ್ಲಿ ಹುಳ ಇರಬೇಕೋ ಅಲ್ಲಿ ಬರೀ ಬೂದು. ನಿಮ್ಮಪ್ಪ ತೊಗಟೆಯ ಮಾತು ಹೇಳಿದ ದಿನ ಅತ್ತೆ. ಹೆಸರು ಹೋಗುತ್ತದೆ ಅಂತಲೂ ಅತ್ತೆ, ಕಣ್ಣು ಹೋಯಿತು ಅಂತಲೂ ಅತ್ತೆ, ಯಾವುದಕ್ಕೆ ಎಷ್ಟು ಅಂತ ಕೇಳಬೇಡ.

ಆಮೇಲೆ ನಿಮ್ಮಪ್ಪನಿಗೆ ನನ್ನ ಲೇಖನ ಕೊಟ್ಟು ಓದಿ ಅಂದೆ. ಆರು ಪುಟ. ಅವರು ಒಂದೊಂದು ಪದವನ್ನೂ ಕಲ್ಲು ಕಡಿದ ಹಾಗೆ ಓದಿದರು. ನಾನು ಬರೆದದ್ದನ್ನು ಇನ್ನೊಬ್ಬರ ಬರಹದಂತೆ ಕೇಳಿಸಿಕೊಂಡೆ. ಚೆನ್ನಾಗಿ ಬರೆದಿದ್ದೇನೆ ಕಣೇ. ತಲೆಯ ಚುಕ್ಕೆ, ಕತ್ತಿನ ಕೂದಲು, ಕೋಟಿನ ಅಳತೆ, ಆರು ಪುಟವೂ ಗಂಡಿನದು. ಚಿತ್ರ ಗಂಡಿನದು. ಕೊನೆಯಲ್ಲಿ ಒಂದು ಸಾಲು ಬಂತು: "ಹೆಣ್ಣು: ಗಂಡಿನಂತೆಯೇ." ಅಷ್ಟೇ. ನಿಮ್ಮಪ್ಪ ಅಲ್ಲಿ ನಿಲ್ಲಿಸಿ, "ಇಷ್ಟೇನಾ? ನಾನು ಹಿಡಿದದ್ದಕ್ಕೆ ಇಷ್ಟೇನಾ?" ಅಂದರು.

ಆಗಿನ ಎಲ್ಲರ ಲೇಖನದಲ್ಲೂ ಆ ಸಾಲು ಇರುತ್ತಿತ್ತು. ಗಡ್ಡದಜ್ಜಂದಿರೆಲ್ಲ ಹಾಗೇ ಬರೆಯುತ್ತಿದ್ದರು, ನಾನೂ ಬರೆದೆ. ಕೋಟು ಗಿಡ್ಡವಾಗಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಹೆಣ್ಣಲ್ಲವೇ, ಸ್ವಲ್ಪ ಗಿಡ್ಡ ಇರಬಹುದು ಅಂದುಕೊಂಡೆ. ಇಡೀ ಕಟ್ಟಡದಲ್ಲಿ ನಾನೊಬ್ಬಳೇ ಹೆಂಗಸು, ಕಣ್ಣು ಕನ್ನಡಿಯಂತಿದ್ದ ಕಾಲ, ಹೆಣ್ಣುಹುಳವನ್ನು ಮಾತ್ರ ಸರಿಯಾಗಿ ನೋಡಲಿಲ್ಲ.

ಈಗ ನೀನೇ ಹೇಳು. ಆರು ಪುಟ ಬರೆದದ್ದು ಯಾವ ಹುಳದ ಮೇಲೆ? ಹೆಸರು ಯಾವುದರದು? ನಾನು ನೋಡದೇ ಬಿಟ್ಟ ಹುಳಕ್ಕೆ ನನ್ನ ಹೆಸರು ಅಂಟಿಸಿ ಉಳಿಸುತ್ತೀಯಾ? ನಿಯಮ ಒಪ್ಪಬಹುದು. ನಿಮ್ಮ ಮುಖ್ಯಸ್ಥರು ಒಪ್ಪಬಹುದು. ನಾನು ಒಪ್ಪುವುದಿಲ್ಲ. ನನಗೆ ಭಿಕ್ಷೆ ಬೇಡ. ಗಂಡನ್ನು ಆರಿಸು. ನನ್ನ ಹೆಸರು ಗಡ್ಡದಜ್ಜನ ಹೆಸರಿನ ಕೆಳಗೆ ಮಲಗಲಿ. ನಿನ್ನ ಲೇಖನದಲ್ಲಿ ಅದನ್ನು ನೀಟಾಗಿ ಒಂದು ಸಾಲಿನಲ್ಲಿ ಬರೆ. ಮುಲಾಜು ತೋರಿಸಿದರೆ ಓದುವವರಿಗೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಎಷ್ಟೋ ದೊಡ್ಡವರು ಆ ಡ್ರಾಯರು ತೆರೆದಿದ್ದಾರೆ. ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಮಗಳ ಕಣ್ಣಿಗೆ ಬಿತ್ತು. ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಇದು ಹೊಳೆಯಿತು. ಎದ್ದು ಊಟ ಮಾಡಿದೆ.

ಅಮ್ಮ


ಜೂನ್ ೧೯

ಅಮ್ಮನಿಗೆ, ಅಪ್ಪನಿಗೆ,

ಅಪ್ಪ, ಇದನ್ನು ಗಟ್ಟಿಯಾಗಿ ಓದು. ಮೂರು ಸಲ ಓದು, ಕಾಸು ನಾನು ಕೊಡುತ್ತೇನೆ.

ಕಣ್ಣಿನ ವಿಷಯಕ್ಕೆ ಅಮ್ಮನ ಜೊತೆ ಬೇರೆ ಜಗಳ ಇದೆ. ಅದನ್ನು ಬಂದು ಆಡುತ್ತೇನೆ, ಕಾಗದದಲ್ಲಿ ಆಡಿದರೆ ಅರ್ಧಕ್ಕೇ ಮುಗಿದುಹೋಗುತ್ತದೆ.

ನದಿಗೆ ಹೋಗಿದ್ದೆ. ದಂಡೆಯ ಮೇಲೆ ಈಗ ಸಿಮೆಂಟಿನ ದಾರಿ, ಕುಳಿತುಕೊಳ್ಳಲು ಬೆಂಚು, ಓಡಾಡುವ ಜನ. ಅಪ್ಪನ ಒಣಮರ ಎಂದೋ ಹೋಗಿದೆ. ನಾನು ಕೆಳಗಿನ ತಿರುವಿನವರೆಗೂ ನಡೆದೆ. ಅಲ್ಲಿ ಹೋದ ವರ್ಷದ ನೆರೆಗೆ ಉರುಳಿದ ದೊಡ್ಡ ಮರವೊಂದು ಬಿದ್ದಿತ್ತು, ಯಾರೂ ಎತ್ತಿಹಾಕಿರಲಿಲ್ಲ. ಮೊದಲ ದಿನ ಇರುವೆ, ಜೇಡ, ಒಂದು ಸಿಟ್ಟಿನ ಶತಪದಿ. ಎರಡನೇ ದಿನವೂ ಅಷ್ಟೇ. ನಾಯಿ ಕರೆದುಕೊಂಡು ಬಂದಿದ್ದ ಒಬ್ಬ ಹಿರಿಯರು "ಏನಮ್ಮ ಕಳ್ಕೊಂಡೆ?" ಅಂದರು. "ಕಳ್ಕೊಂಡಿಲ್ಲ, ಹುಡುಕ್ತಿದೀನಿ" ಅಂದೆ. "ಎರಡೂ ಒಂದೇ ಅಲ್ವಾ?" ಅಂದು ಹೋದರು.

ಮೂರನೇ ದಿನ ತೊಗಟೆ ಎಬ್ಬಿಸಿದ ಕೂಡಲೇ ಒಂದು ಓಡಿತು, ಬಾಲ ಎತ್ತಿ ನನ್ನನ್ನೂ ಹೆದರಿಸಿತು. ಮೋಟು ಕೋಟಿನವರಲ್ಲೂ ಮೋಟು ಕೋಟು. ಒಟ್ಟು ಒಂಬತ್ತು ಸಿಕ್ಕವು, ಅದರಲ್ಲಿ ನಾಲ್ಕು ಗಂಡು. ಸಂಗ್ರಹಾಲಯಕ್ಕೆ ತಂದು ಬಿಡಿಸಿದೆ. ಗಿಳಿಕೊಕ್ಕಿಲ್ಲ, ಅಮ್ಮ! ತುದಿ ನೆಟ್ಟಗೆ, ಚಮಚದ ಹಿಡಿಯ ಹಾಗೆ ಅಗಲ. ನಾಲ್ಕಕ್ಕೂ ಹಾಗೇ. ಹೆಣ್ಣುಗಳು ಐದೂ ನಿನ್ನ ರಟ್ಟಿನ ಹೆಣ್ಣಿನ ಪಡಿಯಚ್ಚು. ನಾನು ಒಬ್ಬಳೇ ಕೋಣೆಯಲ್ಲಿ ಚಪ್ಪಾಳೆ ತಟ್ಟಿದೆ. ಪಕ್ಕದ ಕೋಣೆಯ ಚಿಟ್ಟೆ ವಿಭಾಗದವರು ಗೋಡೆ ಬಡಿದರು.

ನೀನು ಹೇಳಿದಂತೆ ಗಂಡನ್ನೇ ಆರಿಸಿದ್ದೇನೆ. ಆ ಸಾಲು ಬರೆಯುವಾಗ ಏನಾಯಿತು ಅಂತ ಬರೆಯುವುದಿಲ್ಲ. ನೀಟಾಗಿ ಬರೆದಿದ್ದೇನೆ.

ಹೊಸದಕ್ಕೆ ಹೆಸರಿಡಬೇಕು. ನಿನ್ನ ಹೆಸರಿಡುತ್ತೇನೆ.

ಪುಟ್ಟಿ


ಜುಲೈ ೨

ಪುಟ್ಟೀ,

ಒಂಬತ್ತಾ! ನಿಮ್ಮಪ್ಪ ಮೂರು ಸಲ ಓದಿ, ಕೇಳದೆಯೇ ನಾಲ್ಕನೇ ಸಲವೂ ಓದಿದರು.

ನನ್ನ ಹೆಸರು ಬೇಡ. ತಾಯಿಯ ಹೆಸರು ಮಗಳು ಇಟ್ಟಳು ಅಂದರೆ ಸಮಾಧಾನಕ್ಕೆ ಇಟ್ಟಳು ಅಂತಾರೆ ಜನ, ನನಗೆ ಅಂಥ ಸಮಾಧಾನ ಬೇಕಿಲ್ಲ. ಹುಳವನ್ನು ನೋಡಿ ಹೆಸರಿಡು. ಅದರ ಅಣ್ಣತಮ್ಮಂದಿರೆಲ್ಲ ನೀರಲ್ಲಿ ಕಾಲು ನೆನೆಸಿಕೊಂಡಿರುತ್ತಾರೆ, ಇದೊಂದು ಒಣ ತೊಗಟೆ ಹಿಡಿದು ಕೂತಿದೆ. "ಒಣಗಾಲಿನದು" ಅಂತ ಲ್ಯಾಟಿನ್‌ನಲ್ಲಿ ಇಡು. ಮಾಡುವುದು ಹೇಗೆಂದು ನಿನಗೆ ಗೊತ್ತಿದೆ.

ಅದನ್ನು ಹೇಳಿದಾಗಿನಿಂದ ನಿಮ್ಮಪ್ಪ ಅದು ತಮ್ಮ ಬೂಟಿನ ಗೌರವಾರ್ಥ ಅಂತ ಕೆಳಗಿನ ಮನೆಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. ನಾನು ತಿದ್ದುತ್ತಿಲ್ಲ.

ಜಗಳಕ್ಕೆ ಯಾವಾಗ ಬರುತ್ತೀಯ?

ಅಮ್ಮ


ಜನವರಿ ೨೬

ಪ್ರೀತಿಯ ಅಮ್ಮ,

ಇದರ ಜೊತೆ ದೊಡ್ಡ ಕೊಳವೆಯೊಂದು ಬಂದಿರಬೇಕು. ಅದನ್ನು ಆಮೇಲೆ ಬಿಚ್ಚು, ಮೊದಲು ಅಪ್ಪ ಇದನ್ನು ಓದಲಿ.

ಲೇಖನ ಅಚ್ಚಾಯಿತು, ಹುಳಕ್ಕೆ ನೀನು ಹೇಳಿದ ಹೆಸರೇ. ಕೊನೆಯ ಗಳಿಗೆಯಲ್ಲಿ ಮುಖ್ಯಸ್ಥರಿಗೂ ನನಗೂ ಸಣ್ಣ ಕುಸ್ತಿ. ಹೊಸ ಪ್ರಭೇದಕ್ಕೆ ಹೆಸರು ಹೊರುವ ಮಾದರಿ ಹುಳ ಒಂದು ಬೇಕಲ್ಲ. "ಗಂಡನ್ನ ಇಡಮ್ಮ, ಅಂಗ ಇದೆ, ಯಾರಿಗೂ ಅನುಮಾನ ಬರಲ್ಲ. ಎಲ್ರೂ ಗಂಡನ್ನೇ ಇಡೋದು" ಅಂದರು. ಎಲ್ಲರೂ ಹಾಗೆ ಮಾಡುತ್ತಾರೆ ಅನ್ನುವ ಮಾತನ್ನು ಕೇಳಿ ನಮ್ಮ ಮನೆಯಲ್ಲಿ ಒಂದು ಸಲ ಕೆಟ್ಟಿದ್ದೇವೆ ಅಂದೆ. ಅರ್ಥವಾಗಲಿಲ್ಲ ಅವರಿಗೆ. ನಾಲ್ಕು ಗಂಡುಗಳನ್ನು ಸಾಕ್ಷಿಗೆ ಪಕ್ಕದಲ್ಲಿ ನಿಲ್ಲಿಸಿದೆ, ಮಾದರಿಯಾಗಿ ಹೆಣ್ಣನ್ನು ಇಟ್ಟೆ. ಯಾವ ಹೆಣ್ಣು ಅಂತ ಹೇಳಬೇಕಾಗಿಲ್ಲ. ನಿನ್ನ ರಟ್ಟಿನ ಮೇಲಿನದು, ಅಪ್ಪ ಹೊಸ ಬೂಟು ಹಾಕಿಕೊಂಡು ಹಿಡಿದದ್ದು, ನೀನು ಒಂದು ಸಾಲು ಬರೆದದ್ದು.

ವಿವರಣೆ ಅದರಿಂದಲೇ ಶುರುವಾಗುತ್ತದೆ. ಎರಡೂವರೆ ಪುಟ ಹೆಣ್ಣಿನದು, ತಲೆಯಿಂದ ಹೊಟ್ಟೆಯ ತುದಿಯವರೆಗೆ. ಆಮೇಲೆ ಗಂಡು. ಗಂಡಿಗೂ ಅನ್ಯಾಯ ಮಾಡಿಲ್ಲ, ಅದೂ ಒಂದು ಪುಟ ಇದೆ.

ರಟ್ಟಿನ ಮೇಲಿದ್ದ ಇಬ್ಬರೂ ಈಗ ಬೇರೆ ಬೇರೆ ಸೂಜಿಯಲ್ಲಿದ್ದಾರೆ. ನಿನ್ನ ಚೀಟಿ ಒಂದನ್ನೂ ಬಿಸಾಡಿಲ್ಲ. ಹೆಸರು ಬರೆದ ಚೀಟಿ ಗಂಡಿನ ಜೊತೆ ಹೋಯಿತು, ಅದರ ಕೆಳಗೆ ಅಜ್ಜನ ಹೆಸರಿನ ನನ್ನ ಚೀಟಿ. ಊರು, ತಾರೀಖು, ಹಿಡಿದವರು ಅಂತ ನಿಮ್ಮಿಬ್ಬರ ಹೆಸರೂ ಬರೆದಿರುವ ಚೀಟಿ ಹೆಣ್ಣಿನ ಜೊತೆ. ಅದರ ಕೆಳಗೆ ನಾನು ಬರೆದ ಕೆಂಪು ಚೀಟಿ, ಮಾದರಿಯದು. ಗಂಡಿಗೂ ಜಾಗ ತಾರೀಖು ಬೇಕಲ್ಲ, ಅದಕ್ಕೊಂದು ನಕಲು ಮಾಡಿ ಹಾಕಿದ್ದೇನೆ. ಒಂದು ಸೂಜಿ, ಅದರಲ್ಲಿ ನಾವು ಮೂವರೂ ಇದ್ದೇವೆ. ಆ ಕಟ್ಟಡ ನಿಂತಿರುವಷ್ಟು ಕಾಲ ಇರುತ್ತೇವೆ.

ಕಾವಲುಗಾರ ಬಂದು ನೋಡಿ, "ನಿಮ್ಮಮ್ಮಂದು ಯಾವುದು ಈಗ?" ಅಂದ. ಎರಡನ್ನೂ ತೋರಿಸಿದೆ.

ಈಗ ಕೊಳವೆ ಬಿಚ್ಚು. ಲೇಖನದಲ್ಲಿ ಈ ಚಿತ್ರ ಹೆಬ್ಬೆರಳಿನಷ್ಟಿದೆ. ನಾನು ಬರೆದ ಮೂಲ ಇದು, ಬಾಗಿಲಿನಷ್ಟು ಉದ್ದ. ಒಂದೊಂದು ಕೂದಲನ್ನೂ ದಪ್ಪ ಶಾಯಿಯಲ್ಲಿ ಎಳೆದಿದ್ದೇನೆ. ಗೋಡೆಗೆ ಹಾಕಿಸಿ ಪಕ್ಕದಲ್ಲಿ ನಿಂತು, ಓರೆಗಣ್ಣಿನಲ್ಲಿ ನೋಡು. ಕಂಡರೆ ಬರೆ.

ನಿನ್ನ ಪುಟ್ಟಿ


ಫೆಬ್ರವರಿ ೧೧

ಪುಟ್ಟೀ,

ಕಂಡಿತು.

ಮಲಗುವ ಕೋಣೆಯ ಗೋಡೆಗೆ ಹಾಕಿಸಿದ್ದೇನೆ, ಆ ದಿನ ನಾನು ಮುಖ ಮಾಡಿ ಮಲಗಿದ್ದ ಅದೇ ಗೋಡೆಗೆ. ನಿಮ್ಮಪ್ಪ ಮೊಳೆ ಹೊಡೆಯುವಾಗ ಮಂಡಿನೋವು ಮರೆತುಹೋಗಿತ್ತು. ನಾನು ಗೋಡೆಗೆ ಭುಜ ತಾಗಿಸಿ ನಿಂತು, ಮುಖ ಅತ್ತ ತಿರುಗಿಸಿ, ಕಣ್ಣಂಚಿನಲ್ಲಿ ಮೆಲ್ಲಗೆ ಮೇಲಿಂದ ಕೆಳಕ್ಕೆ ನೋಡಿದೆ. ಕುಡಿಮೀಸೆಯ ಗಂಟು ಎಣಿಸಿದೆ. ಕೋಟನ್ನು ಗೇಣಿನಿಂದ ಅಳೆದೆ, ಕತ್ತಿನ ಹಲಗೆಯನ್ನೂ ಅಳೆದೆ. ಕೋಟೇ ಗಿಡ್ಡ. ಮೂವತ್ತು ವರ್ಷ ತಡವಾಗಿ, ಆದರೂ ನಾನೇ ಅಳೆದು ನೋಡಿದೆ.

ನರ್ಸಮ್ಮ ಬಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದಳು. "ಎಷ್ಟು ಚೆಂದ ಇದಾಳೆ" ಅಂದಳು. ಹುಳವನ್ನು ಯಾರೂ ನನ್ನ ಮುಂದೆ ಹಾಗೆ ಕರೆದದ್ದಿಲ್ಲ.

ನನ್ನ ಲೇಖನದ ಪ್ರತಿಗಳು ಟ್ರಂಕಿನ ತಳದಲ್ಲಿ ಒಂದು ಕಟ್ಟು ಉಳಿದಿದ್ದವು. ಯಾರಾದರೂ ಕೇಳಿದರೆ ಕೊಡಲು ಇಟ್ಟಿದ್ದೆ, ಯಾರೂ ಕೇಳಿರಲಿಲ್ಲ. ನಿನ್ನೆ ಎಲ್ಲವನ್ನೂ ಹೊರಗೆ ತೆಗೆಸಿದೆ. ನಿಮ್ಮಪ್ಪ ಕೊನೆಯ ಪುಟ ತೆರೆದು ಆ ಸಾಲಿನ ಕೆಳಗೆ ನನ್ನ ಬೆರಳನ್ನು ಇಡುತ್ತಿದ್ದರು, ನಾನು ಬರೆಯುತ್ತಿದ್ದೆ. ಅಕ್ಷರ ದೊಡ್ಡದು, ಅಂಚು ದಾಟಿ ಹೋಗಿದೆ. ಹಳೆಯ ಸಾಲನ್ನು ಹೊಡೆದುಹಾಕಿಲ್ಲ, ಅದು ಇರಬೇಕು. ಅದರ ಕೆಳಗೆ ಪ್ರತಿಯೊಂದರಲ್ಲೂ ಬರೆದಿದ್ದೇನೆ. ಒಂದು ಪ್ರತಿ ನಿನಗೆ ಕಳಿಸುತ್ತಿದ್ದೇನೆ, ಸಂಗ್ರಹಾಲಯದ ಪುಸ್ತಕ ಭಂಡಾರದಲ್ಲಿ ಇಡಿಸು. ಕೊನೆಯ ಪುಟ ನೋಡು:

"ಹೆಣ್ಣು: ಗಂಡಿನಂತೆಯೇ."

"ಅಲ್ಲ. ಸರಿಯಾಗಿ ನೋಡಿದವಳು ನನ್ನ ಮಗಳು. ಅವಳದನ್ನು ಓದಿ."

ಅಮ್ಮ